ಪಾಪ್‌ಕಾರ್ನ್ ಸೆಲ್‌ನ ಹುಟ್ಟೂರು

ಪುತ್ತೂರು, ಸುಳ್ಯ, ಕಡಬ ಕಡೆ ಯಾರದಾದರೂ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡರೆ ಮೊದಲ ಅನುಮಾನ ಕ್ಷಯದ್ದು. ಅದಲ್ಲವೆಂದಾದರೆ ಸುಳ್ಯದ ಕೆ.ವಿ.ಜಿ. ಮೆಡಿಕಲ್ ಕಾಲೇಜಿನಲ್ಲೋ ಮಂಗಳೂರಿನಲ್ಲೋ ಗಡ್ಡೆ ತೆಗೆಸಿ ಬಯಾಪ್ಸಿಗೆ ಕೊಡುತ್ತಾರೆ. ಮೇಣದಲ್ಲಿ ಹುದುಗಿಸಿದ ಚೂರನ್ನು 3-4 ಮೈಕ್ರಾನ್ ದಪ್ಪಕ್ಕೆ ಸೀಳಿ, ಬಣ್ಣ ಹಾಕಿ ನೋಡಿದಾಗ, ತೀರಾ ಅಪರೂಪಕ್ಕೆ, ಸಣ್ಣ ಲಿಂಫೊಸೈಟ್‌ಗಳ ದಟ್ಟಣೆಯ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಜೀವಕೋಶ ಕಾಣುತ್ತದೆ. ಅದರ ಕೋಶಕೇಂದ್ರ ಹೊದಳಿನಂತೆ ಮಡಚಿ ಉಬ್ಬಿರುತ್ತದೆ. ವೈದ್ಯರ ಬಾಯಲ್ಲಿ ಅದು ಪಾಪ್‌ಕಾರ್ನ್ ಸೆಲ್. ಕಾಯಿಲೆಯ ಹೆಸರು ನಾಡ್ಯುಲರ್ ಲಿಂಫೊಸೈಟ್ ಪ್ರಿಡಾಮಿನೆಂಟ್ ಹಾಡ್ಜ್‌ಕಿನ್ ಲಿಂಫೋಮಾ. ಹಾಡ್ಜ್‌ಕಿನ್ ರೋಗಿಗಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಬರುವಂಥದ್ದು.

‘ಇದು ಯಾಕೆ ಬಂತು?’ ಎಂದು ಮನೆಯವರು ಕೇಳುತ್ತಾರೆ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಸೀಮೆಯ ಜನ ಹಾಗೆ ಕೇಳಲೇಬೇಕು. ಆದರೆ ದಾರಿ ತಪ್ಪಿದ ಜೀವಕೋಶ ಯಾವುದು ಎಂದು ಗೊತ್ತಾಗದೆ ಅದು ಯಾಕೆ ತಪ್ಪಿತು ಎಂದು ಹುಡುಕುವುದು ಎಲ್ಲಿಂದ? ಆ ಮೊದಲ ಪ್ರಶ್ನೆಗೇ ಒಂದೂವರೆ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಲಂಡನ್ನಿನ ಗಯ್ಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ ಊದಿದ ದುಗ್ಧಗ್ರಂಥಿಗಳ ಬಗ್ಗೆ ಬರೆದದ್ದು 1832ರಲ್ಲಿ. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್, 1902ರಲ್ಲಿ ಡೊರೊಥಿ ರೀಡ್ ಅಲ್ಲಿನ ದೈತ್ಯ ಜೀವಕೋಶಗಳನ್ನು ವಿವರಿಸಿದರು. ಅವು ಎಲ್ಲಿಂದ ಬಂದವೆಂಬುದು ಮಾತ್ರ ಬಗೆಹರಿಯಲಿಲ್ಲ. ಗಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ನೂರಕ್ಕೆ ಒಂದೆರಡು, ಉಳಿದವು ಸುತ್ತ ಬಂದು ಸೇರಿದ ನಿರಪರಾಧಿಗಳು. ಇಡೀ ಗಡ್ಡೆಯನ್ನು ಅರೆದು ಪರೀಕ್ಷಿಸಿದರೆ ಕೇಳಿಬರುವುದು ಅವುಗಳದೇ ದನಿ.

1994ರಲ್ಲಿ ಜರ್ಮನಿಯ ರಾಲ್ಫ್ ಕ್ಯುಪರ್ಸ್, ಕ್ಲಾಸ್ ರಾಯೆವ್‌ಸ್ಕಿ, ಮಾರ್ಟಿನ್-ಲಿಯೊ ಹನ್ಸ್‌ಮನ್ ಅವರ ತಂಡ ಸ್ಲೈಡಿನಿಂದ ಒಂದೊಂದೇ ಕೋಶವನ್ನು ಸೂಜಿಮೊನೆಯಂಥ ಗಾಜಿನ ನಳಿಕೆಯಿಂದ ಹೆಕ್ಕಿ, ಅದರ ಜೀನ್ ಓದಿತು. ಎಂಥ ತಾಳ್ಮೆ! ಪ್ರತಿಕಾಯ ತಯಾರಿಸುವ ಲಿಂಫೊಸೈಟ್ ಆದ ಬಿ ಜೀವಕೋಶ ಅದರ ಜೀನನ್ನು ತನ್ನದೇ ರೀತಿಯಲ್ಲಿ ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಆ ಜೋಡಣೆ ಸಂತತಿಗೂ ಇಳಿಯುತ್ತದೆ. ಹೆಕ್ಕಿದ ದೈತ್ಯರಲ್ಲಿ ಸಿಕ್ಕಿದ್ದು ಅದೇ ಗುರುತು. 1997ರಲ್ಲಿ ಪಾಪ್‌ಕಾರ್ನ್ ಸೆಲ್‌ಗಳಲ್ಲಿ ಇನ್ನೂ ಒಂದು ವಿಷಯ ಹೊರಬಿತ್ತು. ಎಲ್ಲವೂ ಒಂದೇ ತಾಯಿಕೋಶದ ಮಕ್ಕಳು, ಆದರೆ ಮಗುವಿನಿಂದ ಮಗುವಿಗೆ ಜೀನಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ.

ಅಂಥ ವ್ಯತ್ಯಾಸ ಹುಟ್ಟುವ ಜಾಗ ಜರ್ಮಿನಲ್ ಸೆಂಟರ್. ಸೋಂಕು ತಗಲಿದಾಗ ದುಗ್ಧಗ್ರಂಥಿಯೊಳಗೆ ತೆರೆದುಕೊಳ್ಳುವ ಆ ಕೇಂದ್ರದಲ್ಲಿ ಬಿ ಕೋಶಗಳು ಪ್ರತಿಕಾಯ ಹರಿತವಾಗಲೆಂದು ತಮ್ಮ ಜೀನನ್ನು ತಾವೇ ತಿದ್ದಿಕೊಳ್ಳುತ್ತವೆ. ಗುರಿ ಮುಟ್ಟದವು ಸಾಯುತ್ತವೆ. ನಮ್ಮನ್ನು ಕಾಯುವ ಈ ತಿದ್ದುವಿಕೆಯೇ ಕೈತಪ್ಪಲೂ ಬಹುದು.

ಮೂಲ ತಿಳಿದದ್ದು ಚಿಕಿತ್ಸೆಗೂ ಒದಗಿತು. ಸಾಮಾನ್ಯ ಹಾಡ್ಜ್‌ಕಿನ್ ಕೋಶಗಳು ಬಹುಪಾಲು ಕಳೆದುಕೊಂಡ ಸಿಡಿ20 ಎಂಬ ಬಿ ಕೋಶದ ಗುರುತು ಪಾಪ್‌ಕಾರ್ನ್ ಸೆಲ್ ಮೈಮೇಲೆ ಉಳಿದಿರುತ್ತದೆ. ರಿಟುಕ್ಸಿಮ್ಯಾಬ್ ಎಂಬ ಔಷಧ ಹುಡುಕಿ ಅಂಟಿಕೊಳ್ಳುವುದು ಅದಕ್ಕೇ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ಅದರ ಭಾರತೀಯ ರೂಪವನ್ನು ಮಾರುಕಟ್ಟೆಗೆ ತಂದಿತು. ಕಾಯಿಲೆ ಸಾಮಾನ್ಯವಾಗಿ ನಿಧಾನಗತಿಯದು, ಆದರೆ ವರ್ಷಗಳ ಬಳಿಕ ಮರಳುವುದುಂಟು, ತಪಾಸಣೆ ಬಿಡಬಾರದು. 2022ರ ಒಂದು ಅಂತರರಾಷ್ಟ್ರೀಯ ವರ್ಗೀಕರಣ ಹೆಸರಿನಿಂದ ಹಾಡ್ಜ್‌ಕಿನ್ ಪದವನ್ನೇ ಕೈಬಿಟ್ಟು ಬಿ-ಸೆಲ್ ಲಿಂಫೋಮಾ ಎಂದಿತು.

‘ಯಾಕೆ’ ಎಂಬುದಕ್ಕೂ ಈಗ ಒಂದು ಎಳೆ ಸಿಕ್ಕಿದೆ. ಕೆಲವು ರೋಗಿಗಳ ಪಾಪ್‌ಕಾರ್ನ್ ಸೆಲ್‌ಗಳು ತಯಾರಿಸುವ ಪ್ರತಿಕಾಯ ಮೊರಾಕ್ಸೆಲ್ಲಾ ಕಟರ್ಹಾಲಿಸ್ ಎಂಬ ಬ್ಯಾಕ್ಟೀರಿಯಾದ ಪ್ರೋಟೀನಿಗೆ ಅಂಟುತ್ತದೆ ಎಂದು 2020ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಮಕ್ಕಳ ಮೂಗು-ಗಂಟಲಲ್ಲಿ ಸಾಮಾನ್ಯವಾಗಿ ನೆಲೆಸುವ, ಕಿವಿನೋವು ತರುವ ಬ್ಯಾಕ್ಟೀರಿಯಾ ಅದು.