ಗೋಳವನ್ನು ಬಿಟ್ಟುಬಂದ ಮಸೂರ

ಫೋನ್ ಅಂಗಡಿಯಲ್ಲಿ ಎಲ್ಲರೂ ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ, ಮಸೂರದ ಮಾತನ್ನು ಯಾರೂ ಎತ್ತುವುದಿಲ್ಲ. ಒಳ್ಳೆಯ ಫೋನಿನ ಕ್ಯಾಮೆರಾದೊಳಗೆ ಆರೇಳು ಪ್ಲಾಸ್ಟಿಕ್ ಮಸೂರಗಳು ಒಂದರ ಮೇಲೊಂದು ಕೂತಿರುತ್ತವೆ. ಸೆನ್ಸರಿಗೆ ಅಂಟಿಕೊಂಡಂತಿರುವ ಕೊನೆಯದನ್ನು ಅಡ್ಡಸೀಳಿ ನೋಡಿ: ನಡುವೆ ತಗ್ಗು, ಸುತ್ತ ಉಬ್ಬು, ಅಂಚಿನಲ್ಲಿ ಮತ್ತೆ ಇಳಿಜಾರು. ಶಾಲೆಯಲ್ಲಿ ಬಿಡಿಸಿದ ಪೀನ ಮಸೂರವೂ ಅಲ್ಲ, ನಿಮ್ನ ಮಸೂರವೂ ಅಲ್ಲ.

ಗಾಜು ಉಜ್ಜುವವರಿಗೆ ಈ ಆಕಾರ ಶತಮಾನಗಳ ಕಾಲ ದಕ್ಕಿರಲಿಲ್ಲ. ಗಾಜಿನ ಬಿಲ್ಲೆಯನ್ನು ಲೋಹದ ಬಾಗಿದ ಹಲಗೆಯ ಮೇಲಿಟ್ಟು, ನಡುವೆ ಸಾಣೆಪುಡಿ ಮತ್ತು ನೀರು ಹಾಕಿ, ಎಲ್ಲ ದಿಕ್ಕಿಗೂ ಆಡಿಸುತ್ತಾರೆ. ಒರಳೂ ಗುಂಡೂ ಸವೆದು ಒಂದಕ್ಕೊಂದು ಹೊಂದಿಕೊಳ್ಳುವ ಹಾಗೆ ಇಲ್ಲಿಯೂ ಎರಡೂ ಮೈ ಸವೆಯುತ್ತಾ ಗೋಳದ ತುಣುಕುಗಳಾಗುತ್ತವೆ. ಏಕೆಂದರೆ ಯಾವ ಕಡೆಗೆ ಜರುಗಿಸಿ ತಿರುಗಿಸಿದರೂ ಎಲ್ಲೆಡೆ ತಾಗಿಕೊಂಡೇ ಇರುವ ಬಾಗು ಗೋಳದ್ದು ಮಾತ್ರ. ಪರೀಕ್ಷೆಯೂ ಸುಲಭ. ಅಳತೆಗೆಂದೇ ಮಾಡಿದ ಗಾಜನ್ನು ಮಸೂರದ ಮೇಲಿಟ್ಟು ಹಸಿರು ಬೆಳಕು ಬೀರಿದರೆ ನ್ಯೂಟನ್ ಉಂಗುರಗಳು ಮೂಡುತ್ತವೆ. ಒಂದೊಂದು ಉಂಗುರವೂ ಬೆಳಕಿನ ಅರ್ಧ ತರಂಗದೂರದ, ಅಂದರೆ ಸುಮಾರು 270 ನ್ಯಾನೋಮೀಟರಿನ ವ್ಯತ್ಯಾಸ. ಉಂಗುರ ಸೊಟ್ಟಗಿದ್ದರೆ ಆ ಕಡೆ ಮೈ ತಪ್ಪಿದೆ ಎಂದರ್ಥ, ಮತ್ತೆ ಉಜ್ಜಬೇಕು.

ಆದರೆ ಗೋಳದ ಮೈ ಬೆಳಕನ್ನು ಒಂದೇ ಬಿಂದುವಿಗೆ ತರುವುದಿಲ್ಲ. ಅಂಚಿನಿಂದ ಬಂದ ಕಿರಣಗಳು ನಡುವಿನವಕ್ಕಿಂತ ಮೊದಲೇ ಕೂಡಿಬಿಡುತ್ತವೆ, ಚಿತ್ರ ಮಸುಕಾಗುತ್ತದೆ. ಇದಕ್ಕೆ ಬೇರೆಯೇ ಬಾಗು ಬೇಕೆಂದು ತತ್ವಜ್ಞಾನಿ ಡೆಕಾರ್ಟ್ 1637ರಲ್ಲೇ ಗಣಿತದಿಂದ ತೋರಿಸಿದ್ದ. ಅದನ್ನು ಉಜ್ಜಲು ಯಂತ್ರವನ್ನೂ ಯೋಚಿಸಿದ್ದ, ಅದು ಕೈಗೂಡಲಿಲ್ಲ. ಆಮೇಲಿನವರು ಗೋಳಕ್ಕೇ ಶರಣಾಗಿ, ಒಂದು ಮಸೂರದ ದೋಷವನ್ನು ಇನ್ನೊಂದರ ದೋಷದಿಂದ ಕಳೆಯುತ್ತಾ ಹೋದರು. 1902ರಲ್ಲಿ ಜೈಸ್ ಕಂಪನಿಯ ಪಾಲ್ ರುಡಾಲ್ಫ್ ನಾಲ್ಕೇ ಗಾಜುಗಳಲ್ಲಿ ಟೆಸ್ಸಾರ್ ಎಂಬ ಕ್ಯಾಮೆರಾ ಮಸೂರ ಕಟ್ಟಿದ. ಆ ಜಾಣತನದ ಮುಂದೆ ಈಗಿನ ಕಂಪ್ಯೂಟರ್ ವಿನ್ಯಾಸಗಳು ನನಗೆ ತುಸು ಸಪ್ಪೆ ಎನಿಸುತ್ತವೆ.

ಗೋಳವಲ್ಲದ್ದು ಬೇಕೇಬೇಕು ಎಂದವರು ಮೊದಲು ಗೋಳ ಮಾಡಿ, ಆಮೇಲೆ ಅಲ್ಲಲ್ಲಿ ಕೂದಲೆಳೆಗಿಂತ ಎಷ್ಟೋ ತೆಳುವಾಗಿ ಸವೆಸುತ್ತಿದ್ದರು. ಕಾವಲೂರಿನ ವೈನು ಬಾಪ್ಪು ದೂರದರ್ಶಕದ 2.34 ಮೀಟರ್ ಕನ್ನಡಿಯೂ ಗೋಳವಲ್ಲದ್ದೇ, ಅದನ್ನು ಉಜ್ಜಿ ಪಾಲಿಶ್ ಮಾಡಿದ್ದು ನಮ್ಮ ಬೆಂಗಳೂರಿನ ಖಭೌತ ಸಂಸ್ಥೆಯಲ್ಲೇ. 1966ರಲ್ಲಿ ಬಂದ ಲೈಕಾದ ನಾಕ್ಟಿಲಕ್ಸ್ ಮಸೂರದಲ್ಲಿ ಗೋಳವಲ್ಲದ ಎರಡು ಮೈಗಳೂ ಕೈಯಲ್ಲೇ ತಿದ್ದಿದವು. ಹಾಗಾಗಿ ಅದರ ಬೆಲೆ ಕೇಳುವಂತಿರಲಿಲ್ಲ.

ಫೋನಿನ ಮಸೂರವನ್ನು ಉಜ್ಜುವುದೇ ಇಲ್ಲ, ಅಚ್ಚಿನಲ್ಲಿ ತೆಗೆಯುತ್ತಾರೆ. ನಿಕ್ಕಲ್ ಲೇಪಿಸಿದ ಉಕ್ಕಿನ ತುಂಡು ಲೇತಿನಲ್ಲಿ ತಿರುಗುತ್ತಿದ್ದರೆ, ಒಂದೇ ಹರಳಿನ ವಜ್ರದ ಮೊನೆ ಗಣಿತ ಹೇಳಿದ ಬಾಗನ್ನೇ ಅದರಲ್ಲಿ ಕೊರೆಯುತ್ತದೆ. ಆ ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ನುಗ್ಗಿಸುತ್ತಾರೆ. ತಣಿಯುವಾಗ ಅದು ಕುಗ್ಗುತ್ತದೆ, ಅದೂ ಎಲ್ಲೆಡೆ ಒಂದೇ ಸಮ ಅಲ್ಲ. ಹಾಗಾಗಿ ಮೊದಲ ಮಸೂರಗಳನ್ನು ಅಳೆದು, ತಪ್ಪಿದಷ್ಟನ್ನು ಉಲ್ಟಾ ಲೆಕ್ಕ ಹಾಕಿ ಅಚ್ಚನ್ನೇ ಮತ್ತೆ ಕೊರೆಯುತ್ತಾರೆ. ಅಚ್ಚು ಒಮ್ಮೆ ಪಳಗಿತೆಂದರೆ ಲಕ್ಷಗಟ್ಟಲೆ ಮಸೂರಗಳು ಉದುರುತ್ತವೆ. ಪ್ಲಾಸ್ಟಿಕ್ ಒಳಹೊಕ್ಕ ಕಡೆ ಕತ್ತರಿಸಿದ್ದರಿಂದ ಅಂಚಿನಲ್ಲೊಂದು ಚಪ್ಪಟೆ ಗುರುತು ಉಳಿಯುತ್ತದೆ, ಅಷ್ಟೇ.

ಮಸೂರದ ಮೇಲೆ ಪ್ರತಿಫಲನ ತಗ್ಗಿಸುವ ಲೇಪವೂ ಬೇಕು. ಬರಿಯ ಮೈಯೊಂದು ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಏಳು ಮಸೂರಗಳ ಹದಿನಾಲ್ಕು ಮೈ ದಾಟುವಷ್ಟರಲ್ಲಿ ಶೇ. 40ಕ್ಕೂ ಹೆಚ್ಚು ಹೋಗಿಬಿಡುತ್ತದೆ.

ಪ್ಲಾಸ್ಟಿಕ್ಕಿನ ದೊಡ್ಡ ಕಾಟ ಬಿಸಿಲು. ಶಾಖಕ್ಕೆ ಅದು ಗಾಜಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ, ಬೆಳಕನ್ನು ಬಾಗಿಸುವ ಶಕ್ತಿಯೂ ಇಳಿಯುತ್ತದೆ, ಫೋಕಸ್ ಜಾರುತ್ತದೆ. ಆಟೋಫೋಕಸ್ ಮೋಟಾರು ಅದನ್ನು ಸದ್ದಿಲ್ಲದೆ ಸರಿಪಡಿಸುತ್ತಿರುತ್ತದೆ. ಕೆಲವು ತಯಾರಕರು ಈಗ ಪ್ಲಾಸ್ಟಿಕ್ಕುಗಳ ನಡುವೆ ಒಂದು ಗಾಜಿನ ಮಸೂರ ಸೇರಿಸುತ್ತಿದ್ದಾರೆ. ಅದನ್ನೂ ಉಜ್ಜುವುದಿಲ್ಲ, ಗಾಜನ್ನು ಮೆತ್ತಗಾಗುವಷ್ಟು ಕಾಯಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಕೊಡಾಕ್ 1982ರಲ್ಲೇ ತನ್ನ ಡಿಸ್ಕ್ ಕ್ಯಾಮೆರಾಕ್ಕೆ ಹೀಗೆ ಮಾಡಿತ್ತು. ತಣಿಸುವಾಗ ಅವಸರಪಟ್ಟರೆ ಮಾತ್ರ ಗಾಜಿನೊಳಗೆ ಬಿಗಿತ ಉಳಿದು, ಒಂದೇ ಮಸೂರ ಜಾಗಕ್ಕೊಂದು ರೀತಿ ಬೆಳಕನ್ನು ಬಾಗಿಸುತ್ತದೆ.