ತೆಂಗಿನ ತೋಟದಲ್ಲಿ ಜಲವರ್ಣ

ಬಣ್ಣದ ಸಂಗತಿಯನ್ನು ಬಾನುಲಿಯಲ್ಲಿ ಹೇಳಹೊರಡುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೆಂಗಿನ ಮರ ಹತ್ತಿದಂತೆ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ಕೇಳುಗರಿಗೆ ನಾನು ಹೇಳಲಿರುವ ಬಣ್ಣಗಳೆಲ್ಲ ಮನೆಯ ಹಿತ್ತಲಿನಲ್ಲಿಯೇ ಇವೆ. ಮಾತಿನಲ್ಲಿ ಅನುಮಾನ ಬಂದರೆ ಎದ್ದುಹೋಗಿ ನೋಡಿಕೊಳ್ಳಬಹುದು.

ಜಲವರ್ಣವೆಂದೊಡನೆ ನಮ್ಮ ನೆನಪಿಗೆ ಬರುವುದು ಶಾಲೆಯ ಮಕ್ಕಳ ತಗಡಿನ ಡಬ್ಬಿ, ಅದರೊಳಗಿನ ಹನ್ನೆರಡು ಬಿಲ್ಲೆಗಳು. ಹೀಗಾಗಿ ಇದು ಸುಲಭದ ಮಾಧ್ಯಮ, ದೊಡ್ಡವರದು ತೈಲವರ್ಣ ಎಂಬ ಭಾವನೆ ಬೆಳೆದುಬಿಟ್ಟಿದೆ. ನಿಜಸ್ಥಿತಿ ತಿರುಗುಮುರುಗು. ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಜಾಲಿಜಾತಿಯ ಮರದ ಗೋಂದಿನಲ್ಲಿ ಕಲಸಿರುತ್ತಾರೆ. ನೀರು ಅದನ್ನು ಹಾಳೆಯ ಮೇಲೆ ಹರಡಿಸಿ ತಾನು ಆರಿಹೋಗುತ್ತದೆ. ಉಳಿಯುವುದು ಬಹು ತೆಳ್ಳನೆಯ ಪೊರೆ. ಬೆಳಕು ಆ ಪೊರೆಯನ್ನು ದಾಟಿ, ಬಿಳಿಯ ಹಾಳೆಗೆ ತಾಗಿ, ಮತ್ತೆ ಅದೇ ದಾರಿಯಲ್ಲಿ ನಮ್ಮ ಕಣ್ಣಿಗೆ ಮರಳುತ್ತದೆ. ಜಲವರ್ಣದ ಕಾಂತಿಯೆಂಬುದು ಹೀಗೆ ಒಳಗಿನಿಂದ ಬಂದದ್ದು. ತೈಲವರ್ಣದಲ್ಲಿ ತಪ್ಪಿದರೆ ಮೇಲೊಂದು ಲೇಪ ಬಳಿದು ಮುಚ್ಚಬಹುದು. ಇಲ್ಲಿ ಮುಚ್ಚುವಂತಿಲ್ಲ. ಬಿಳುಪು ಬೇಕಾದ ಕಡೆ ಹಾಳೆಯನ್ನು ಮುಟ್ಟದೆ ಬಿಡಬೇಕು. ಎಲ್ಲಿ ಬಿಡಬೇಕೆಂಬುದು ಮೊದಲ ಕುಂಚ ತಾಗುವ ಮುನ್ನವೇ ನಿಶ್ಚಯವಾಗಿರಬೇಕು.

ಹಾಳೆಯ ಬಿಳುಪನ್ನು ನಂಬುವ ಈ ಬಗೆಯ ಚಿತ್ರಣ ನಮ್ಮ ಕಡೆಗೆ ಬಂದದ್ದು ಯುದ್ಧದ ಹಿಂದೆಯೇ ಎನ್ನಬೇಕು. ಟಿಪ್ಪುವಿನೊಡನೆ ಕಾದಾಡಲು ಬಂದ ಆಂಗ್ಲ ಸೈನ್ಯದಲ್ಲಿ ಚಿತ್ರ ಬರೆಯಬಲ್ಲ ಅಧಿಕಾರಿಗಳಿದ್ದರು. ಅವರಲ್ಲೊಬ್ಬನಾದ ಜೇಮ್ಸ್ ಹಂಟರ್ ಬರೆದ ಮೈಸೂರು ಸೀಮೆಯ ನೋಟಗಳು 1805ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನಮ್ಮ ಚಿತ್ರಗಾರರಿಗೂ ನೀರು, ಗೋಂದು, ಅಳಿಲಿನ ಬಾಲದ ಕೂದಲಿನ ಕುಂಚ ಹೊಸದೇನಲ್ಲ. ಆದರೆ ಅವರದು ಗಟ್ಟಿ ಬಣ್ಣದ, ಚಿನ್ನದ ರೇಕಿನ ಕೆಲಸ.

ಈ ಎರಡು ದಾರಿಗಳೂ ಕೂಡಿದ್ದು ಕೆ. ವೆಂಕಟಪ್ಪನವರಲ್ಲಿ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ನಂದಲಾಲ್ ಬೋಸರು ಅವರ ಸಹಪಾಠಿ. ಜಪಾನಿನಿಂದ ಕಲ್ಕತ್ತೆಗೆ ಬಂದಿದ್ದ ಕಲಾವಿದರನ್ನು ನೋಡಿ ಅವನೀಂದ್ರರು ಒಂದು ಕ್ರಮವನ್ನು ರೂಢಿಸಿಕೊಂಡಿದ್ದರು. ಬಣ್ಣ ಹಚ್ಚಿದ ಹಾಳೆಯನ್ನು ನೀರಿನಲ್ಲಿ ಅದ್ದಿ, ಆರಿಸಿ, ಮತ್ತೆ ತೆಳುವಾಗಿ ಬಣ್ಣ ಹಾಯಿಸುವುದು, ಮತ್ತೆ ಅದ್ದುವುದು. ಹಾಗೆ ಮಾಡಿದಾಗ ಗೆರೆಗಳ ಮೊನಚು ಕರಗಿ ಇಡೀ ಚಿತ್ರ ಮಂಜಿನಲ್ಲಿ ನೆನೆದಂತೆ ಕಾಣುತ್ತದೆ. ವೆಂಕಟಪ್ಪನವರು 1920 ಮತ್ತು 30ರ ದಶಕಗಳಲ್ಲಿ ಊಟಿ, ಕೊಡೈಕನಾಲುಗಳ ಬೆಟ್ಟ, ಕೆರೆ, ಮುಗಿಲುಗಳನ್ನು ಬರೆದಾಗ ಅವರ ಕೈಯಲ್ಲಿ ಆ ಪಾಠವೂ ಇತ್ತು, ಮನೆತನದಿಂದ ಬಂದ ಸೂಕ್ಷ್ಮ ಕುಸುರಿಯೂ ಇತ್ತು. ಅವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರು ಹೊತ್ತ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿವೆ. ಹೊಸದಾಗಿ ಕಲಿಯುವವರು ಆ ಚಿತ್ರಗಳೆದುರು ನಿಂತು ಮಂಜು ಎಲ್ಲಿ ಮುಗಿದು ಮರ ಎಲ್ಲಿ ಮೊದಲಾಗುತ್ತದೆಂದು ಹುಡುಕಬೇಕು. ಒಂದು ಗಂಟೆ ಹುಡುಕಿದರೂ ನಷ್ಟವಿಲ್ಲ.

ವೆಂಕಟಪ್ಪನವರನ್ನು ನೆನೆದರೆ ನನ್ನಂಥವನಿಗೆ ಅಂಜಿಕೆಯಾಗುತ್ತದೆ. ರುಮಾಲೆ ಚನ್ನಬಸವಯ್ಯನವರನ್ನು ನೆನೆದರೆ ಧೈರ್ಯ ಬರುತ್ತದೆ. 1910ರಲ್ಲಿ ಹುಟ್ಟಿದ ರುಮಾಲೆಯವರು ಎಳೆವಯಸ್ಸಿನಲ್ಲಿ ಚಿತ್ರಕಲೆ ಕಲಿತು, ಬಳಿಕ ಸ್ವಾತಂತ್ರ್ಯದ ಹೋರಾಟ, ಸಾರ್ವಜನಿಕ ಕೆಲಸ, ‘ತಾಯಿನಾಡು’ ಪತ್ರಿಕೆಯ ಹೊಣೆ ಎಂದು ಕುಂಚವನ್ನು ಬಹುಕಾಲ ಬದಿಗಿಟ್ಟರು. ಮತ್ತೆ ಅದನ್ನು ಹಿಡಿದದ್ದು ಐವತ್ತರ ಆಸುಪಾಸಿನಲ್ಲಿ. ಆ ಬಳಿಕ 1988ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನ ಹೂಮರಗಳನ್ನು, ಕೆರೆ ಬಯಲುಗಳನ್ನು ಸ್ಥಳದಲ್ಲಿಯೇ ಕುಳಿತು ಬರೆದರು. ಅವರ ಜಲವರ್ಣ ತೆಳುವಲ್ಲ. ಚುಕ್ಕೆ ಚುಕ್ಕೆಯಾಗಿ, ತುಂಡು ತುಂಡಾಗಿ ಬಣ್ಣ ಒತ್ತೊತ್ತಿಗೆ ಕೂಡುತ್ತದೆ. ಅವರು ಬರೆದ ಎಷ್ಟೋ ಮರಗಳಿದ್ದ ಜಾಗದಲ್ಲಿ ಈಗ ಕಟ್ಟಡಗಳಿವೆ.

ಸಣ್ಣ ಊರಿನಲ್ಲಿ ಗುರುಗಳನ್ನು ಎಲ್ಲಿಂದ ತರೋಣ ಎಂಬ ಪ್ರಶ್ನೆ ಹಳೆಯದು. ‘ಚಂದಮಾಮ’ದ ಚಿತ್ರಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯರು ಬೆಂಗಳೂರಿನಿಂದ ಅಂಚೆಯ ಮೂಲಕವೇ ಚಿತ್ರಕಲೆ ಕಲಿಸುವ ಶಾಲೆಯನ್ನು ನಡೆಸಿದ್ದರು. ಇಂದು ಪಾಠಗಳು ಅಂಗೈಯ ಫೋನಿನಲ್ಲಿಯೇ ಬರುತ್ತವೆ, ಕೊರತೆಯಿಲ್ಲ. ಆದರೆ ಅವುಗಳಲ್ಲಿ ಮುಕ್ಕಾಲು ಪಾಲು ಹಿಮದ ಊರುಗಳ ಪಾಠ. ನಮ್ಮ ಬಿಸಿಲಿನ ಲೆಕ್ಕವೇ ಬೇರೆ.

ಸಾಮಗ್ರಿಯ ಮಾತನ್ನು ಬೇಗ ಮುಗಿಸುತ್ತೇನೆ. ದುಡ್ಡು ಹಾಕುವುದಾದರೆ ಹಾಳೆಗೆ ಹಾಕಿ: ಚದರ ಮೀಟರಿಗೆ 300 ಗ್ರಾಂ ತೂಗುವ, ಸಾಧ್ಯವಾದರೆ ಹತ್ತಿಯಿಂದ ಮಾಡಿದ ಹಾಳೆ. ಅಂಗಡಿಯ ಸಾಮಾನ್ಯ ಡ್ರಾಯಿಂಗ್ ಹಾಳೆ ನೀರು ಬಿದ್ದೊಡನೆ ಹಪ್ಪಳದಂತೆ ಉಬ್ಬುತ್ತದೆ. ಕುಂಚಗಳು ಎರಡು ಸಾಕು. ಮುಂಗುಸಿ ಕೂದಲಿನ ಕುಂಚವೆಂದು ಯಾರಾದರೂ ಮಾರಬಂದರೆ ಕೊಳ್ಳಬೇಡಿ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ನೀರಿಗೆ ಬಟ್ಟಲು ಎರಡು ಬೇಕು, ಒಂದು ತೊಳೆಯಲು, ಇನ್ನೊಂದು ಬಣ್ಣ ಕಲಸಲು. ತೆಂಗಿನ ಸೀಮೆಯವನೆಂಬ ಅಭಿಮಾನದಿಂದ ನಾನು ಮೊದಲು ಕರಟಗಳನ್ನು ಇಟ್ಟುಕೊಂಡಿದ್ದೆ. ಕಪ್ಪು ಕರಟದಲ್ಲಿ ನೀರು ಕೊಳೆಯಾದದ್ದು ತಿಳಿಯುವುದೇ ಇಲ್ಲ. ಬಿಳಿಯ ಪಿಂಗಾಣಿಯೇ ಮೇಲು.

ಮೊದಲ ತಿಂಗಳು ಒಂದೇ ಬಣ್ಣ, ಕಂದು. ಎದುರಿಗೆ ಒಂದು ಕೊಬ್ಬರಿ ಗಿಟುಕು. ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ತಾಳ್ಮೆಯಿಂದ ಒಣಗಿ, ಚಿಪ್ಪಿನೊಳಗೆ ತಾನಾಗಿ ಬಿಟ್ಟುಕೊಂಡು ಉಂಡೆಯಾದದ್ದು ಅದು. ಅದರ ಮೇಲೆ ಕಿಟಕಿಯ ಬೆಳಕು ಬಿದ್ದ ಜಾಗ, ಬೆಳಕು ಜಾರುವ ಜಾಗ, ನೆರಳು, ನೆರಳಿನೊಳಗೆ ಕೆಳಗಿನ ಬಟ್ಟೆಯಿಂದ ಚಿಮ್ಮಿದ ಮರುಬೆಳಕು, ಇಷ್ಟನ್ನೂ ನೀರು ಹೆಚ್ಚುಕಡಿಮೆ ಮಾಡಿಯೇ ತೋರಿಸಬೇಕು. ಉಂಡೆ ಉಂಡೆಯಾಗಿ ಕಂಡ ದಿನ ಬಣ್ಣದ ಡಬ್ಬಿ ತೆರೆಯಬಹುದು.

ತೆರೆದೊಡನೆ ಕಾದಿರುವ ಮೋಸವೆಂದರೆ ಹಸಿರು. ತೆಂಗು ಹಸಿರಲ್ಲವೇ ಎಂದು ಕೊಳವೆಯ ಹಸಿರನ್ನೇ ಹಚ್ಚಿದರೆ ತೋಟ ಪ್ಲಾಸ್ಟಿಕ್ಕಿನದಾಗುತ್ತದೆ. ಹಸಿರನ್ನು ಕೂಡಿಸಿಕೊಳ್ಳಬೇಕು. ಗ್ಯಾಂಬೋಜ್ ಎಂಬ ಹಳದಿಯುಂಟು. ಪುನರ್ಪುಳಿಯ ಕುಲಕ್ಕೆ ಸೇರಿದ ಮರಗಳ ಅಂಟಿನಿಂದ ಬಂದದ್ದು, ಈಗ ಆ ಹೆಸರಿನಲ್ಲಿ ಸಿಕ್ಕುವುದು ಹೆಚ್ಚಾಗಿ ಅದಕ್ಕೆ ಬದಲಿಯಾಗಿ ಮಾಡಿದ ಬಣ್ಣ. ಅದಕ್ಕೆ ಪ್ರಷ್ಯನ್ ನೀಲಿಯ ಒಂದು ಹನಿ ಸೇರಿದರೆ ಎಳೆಗರಿಯ ಹಸಿರು. ಬಲಿತ ಗರಿಗೆ ಅದರಲ್ಲಿಯೇ ಚಿಟಿಕೆ ಕೆಂಗಂದು. ಇನ್ನು ನೆತ್ತಿಯ ಬಿಸಿಲಿನಲ್ಲಿ ತೆಂಗಿನ ಗರಿಯ ಮೇಲ್ಮೈಯನ್ನು ಗಮನಿಸಿ ನೋಡಿ: ಅಲ್ಲಿ ಹಸಿರೇ ಇರುವುದಿಲ್ಲ. ಎಣ್ಣೆ ಹಚ್ಚಿದಂತೆ ಮಿರುಗುವ ಆ ಎಲೆ ಆಕಾಶವನ್ನು ಪ್ರತಿಫಲಿಸಿ ತಿಳಿನೀಲಿಯಾಗಿ, ಕೆಲವೆಡೆ ಬರೀ ಬೆಳ್ಳಗೆ ಹೊಳೆಯುತ್ತದೆ. ಅದೇ ಗರಿಯನ್ನು ಕೆಳಗೆ ನಿಂತು ಬಿಸಿಲಿಗೆ ಎದುರಾಗಿ ನೋಡಿದರೆ ಬೆಳಕು ಎಲೆಯೊಳಗಿಂದ ಸೋಸಿಬಂದು ಹಳದಿ ಉರಿಯುತ್ತಿರುತ್ತದೆ. ಐವತ್ತು ವರ್ಷ ಈ ಮರಗಳ ಕೆಳಗೆ ಓಡಾಡಿದವನು ನಾನು. ಇದನ್ನು ಕಂಡದ್ದು ಹಸಿರಿನ ಕೊಳವೆ ಕೈಕೊಟ್ಟ ಮೇಲೆ.

ಎಲೆಗಳನ್ನು ಎಣಿಸುವ ಚಪಲವೂ ಬೇಡ. ಚೆನ್ನಾಗಿ ಬೆಳೆದ ಮರದ ತಲೆಯಲ್ಲಿ ಮೂವತ್ತು ಮೂವತ್ತೈದು ಗರಿ, ಗರಿಯೊಂದಕ್ಕೆ ಇನ್ನೂರಕ್ಕೂ ಮಿಕ್ಕ ಎಲೆ. ಒಂದು ಮರಕ್ಕೇ ಆರೇಳು ಸಾವಿರವಾಯಿತು! ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಉಳಿಯುವುದು ಗರಿಯ ದಿಂಡು ಬಾಗಿದ ರೀತಿ. ಸುಳಿ ನೆಟ್ಟಗೆ, ನಡುವಿನವು ಚಾಚಿಕೊಂಡು, ಹಳೆಯವು ಕಾಂಡಕ್ಕೆ ಜೋತು. ದಿಂಡನ್ನು ಒಂದೇ ಉಸಿರಿಗೆ ಎಳೆದು, ಅರೆ ಒಣಗಿದ ಕುಂಚವನ್ನು ಅದರಿಂದ ಹೊರಕ್ಕೆ ಸರಿಸಿದರೆ ಎಲೆಗಳು ತಾವಾಗಿ ಹುಟ್ಟುತ್ತವೆ. ಗರಿಗಳ ನಡುವೆ ತುಣುಕು ತುಣುಕಾಗಿ ಕಾಣುವ ಆಕಾಶವನ್ನು ಬಿಡಲು ಮರೆತರೆ ಮಾತ್ರ ತೆಂಗು ಹೋಗಿ ಕೊಡೆಯಾಗುತ್ತದೆ.

ನಮ್ಮ ಹವೆಯದೊಂದು ತೊಡಕಿದೆ. ಮಾರ್ಚ್ ಏಪ್ರಿಲಿನಲ್ಲಿ ಆಕಾಶದ ನೀಲಿಯನ್ನು ಹಾಳೆಯ ಎಡತುದಿಯಿಂದ ಹಾಯಿಸತೊಡಗಿದರೆ ಬಲತುದಿ ಮುಟ್ಟುವಷ್ಟರಲ್ಲಿ ಎಡಗಡೆ ಆರಿ, ನಡುವೆ ಗಟ್ಟಿ ಅಂಚು ನಿಂತುಬಿಡುತ್ತದೆ. ಹಾಳೆಯನ್ನು ಹಿಂಬದಿಯಿಂದಲೂ ಒದ್ದೆ ಮಾಡಿಕೊಳ್ಳುವುದು ಒಂದು ಉಪಾಯ. ಬೆಳಗ್ಗೆ ಎಂಟರೊಳಗೆ ಕೆಲಸ ಮುಗಿಸುವುದು ಅದಕ್ಕಿಂತ ಒಳ್ಳೆಯ ಉಪಾಯ. ಆಗ ನೆರಳುಗಳೂ ಉದ್ದವಾಗಿರುತ್ತವೆ; ಮಲ್ಲಾಘಟ್ಟದಂಥ ಕೆರೆಯ ಏರಿಯ ಮೇಲೆ ಕುಳಿತರೆ ನೀರೂ ಅಲುಗದೆ ಇರುತ್ತದೆ.

ಕಡೆಯದಾಗಿ ಒಂದು ಪ್ರಸಂಗ. ಹಸಿರು ಕೈಗೆ ಹತ್ತಿದ ಉತ್ಸಾಹದಲ್ಲಿ ಪಕ್ಕದವರ ತೋಟವನ್ನು ವಾರಗಟ್ಟಲೆ ಬರೆದೆ. ಆ ವರ್ಷ ಕಪ್ಪುತಲೆ ಹುಳುವಿನ ಹಾವಳಿ ಜೋರಾಗಿತ್ತು. ಈ ಹುಳು ಎಲೆಯ ತಳಭಾಗದಲ್ಲಿ ಗೂಡು ಕಟ್ಟಿ ಹಸಿರನ್ನು ಕೆರೆದು ತಿನ್ನುತ್ತದೆ. ಕೆಳಗಿನ ಗರಿಗಳು ಮೊದಲು ಬೆಂಕಿ ತಗುಲಿದಂತೆ ಬೂದುಗಂದಾಗುತ್ತವೆ. ಅದನ್ನು ತಡೆಯಲು ಪರೋಪಜೀವಿ ಕಣಜಗಳನ್ನು ಸಾಕಿ ತೋಟಕ್ಕೆ ಬಿಡುತ್ತಾರೆ. ಅಲ್ಲಿಯೂ ಬಿಟ್ಟಿದ್ದರು. ನಾನು ಮಾತ್ರ ಬಾಡಿದ ಗರಿಗಳನ್ನು ಕೈಬಿಟ್ಟು ಹಸಿರನ್ನಷ್ಟೇ ಬರೆದಿದ್ದೆ. ತೋಟದ ಯಜಮಾನರು ಒಂದು ದಿನ ಬೆನ್ನ ಹಿಂದೆ ಬಂದು ನಿಂತು, “ಮೇಷ್ಟ್ರೇ, ಇದು ಯಾರ ತ್ವಾಟ? ನಮ್ದಾಗಿದ್ರೆ ಚೆನ್ನಾಗಿತ್ತು” ಎಂದರು. ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮರುದಿನ ಕೆಂಗಂದಿಗೆ ಅಲ್ಟ್ರಾಮರೀನ್ ನೀಲಿ ಬೆರಸಿ ಆ ಬೂದುಗಂದನ್ನು ಕೂಡಿಸಿಕೊಂಡು ಮತ್ತೆ ಮೊದಲಿಂದ ಬರೆದೆ. ಚೆಲುವಾದ ಚಿತ್ರವೇನೂ ಅಲ್ಲ. ತಿಂಗಳು ಕಳೆದು ಅವರು ಮನೆಗೆ ಬಂದಾಗ ತೋರಿಸಿದೆ. ಬಹಳ ಹೊತ್ತು ನೋಡಿ, ಮರಗಳನ್ನು ಒಂದೊಂದಾಗಿ ಬೆರಳಿನಿಂದ ಗುರುತಿಸಿದರು. ಎಡಗಡೆಯದು ಅವರ ತಂದೆ ನೆಟ್ಟದ್ದು. ಕಾಂಡ ಸೋರುವ ರೋಗ ಬಿದ್ದು ಹಿಂದಿನ ವಾರವಷ್ಟೇ ಕಡಿಸಿದ್ದರಂತೆ. “ಇದರಲ್ಲಿ ತಾರೀಖು ಹಾಕಿದ್ದೀರಾ, ಮೇಷ್ಟ್ರೇ?” ಎಂದು ಕೇಳಿದರು. ಹಾಕಿರಲಿಲ್ಲ. ನೆನಪು ಮಾಡಿಕೊಂಡು ಅವರೆದುರಿಗೇ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟೆ.