ಇಳಿನೀರಿನ ತಿಂಗಳಲ್ಲಿ ಬಾರಾಮಂಡಿ

ಮಲೆನಾಡಿನಲ್ಲಿ ಮೊದಲ ಜೋರು ಮಳೆ ಬಿದ್ದ ರಾತ್ರಿ ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಓಡುವವರಿಗೆ ಹತ್ತುಮೀನಿನ ಲೆಕ್ಕ ಗೊತ್ತು. ಹೊಸನೀರು ಇಳಿದು ಬರುತ್ತದೆ, ಮೀನು ಅದಕ್ಕೆ ಎದುರಾಗಿ ಹತ್ತುತ್ತದೆ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಸುತ್ತಮುತ್ತ ಗಾಳ ಹಾಕುವವರು ಕಾಯುವುದು ಮಳೆಗಾಲದ ಇನ್ನೊಂದು ಕೊನೆಗೆ. ಮಳೆ ಹಿಂದೆಗೆದು, ಬಯಲಿನಲ್ಲಿ ಹರಡಿಕೊಂಡಿದ್ದ ನೀರು ನದಿಗೆ ಮರಳಿ ಸೋರತೊಡಗುವ ಮಾರ್ಚ್-ಏಪ್ರಿಲ್‌ಗೆ. ಅಲ್ಲಿಯವರು ಇದನ್ನು ರನ್‌ಆಫ್ ಅನ್ನುತ್ತಾರೆ. ನಾವು ಇಳಿನೀರು ಅನ್ನೋಣ. ಇಷ್ಟೆಲ್ಲ ಕಾಯುವಿಕೆ ಬಾರಾಮಂಡಿ ಎಂಬ ಮೀನಿಗಾಗಿ. ಅವರ ಬಾಯಲ್ಲಿ ಬರೀ ಬಾರಾ.

ಹೆಸರು ಹೊಸದಾದರೂ ಮೀನು ನಮಗೆ ಹೊಸದಲ್ಲ. ಕುಂದಾಪುರದ ಕಡೆ ಹೊಳೆಯಲ್ಲಿ ಪಂಜರ ಕಟ್ಟಿ ಸಾಕುವ ಕುರುಡಿ, ಗೋವಾದವರ ಚೊಣಕ್, ಬಂಗಾಳಿಗಳ ಭೆಟ್ಕಿ, ಎಲ್ಲ ಒಂದೇ ಕುಲ. ಅಲ್ಲಿ ದಕ್ಕುವ ಬೇರೆ ಮೀನುಗಳಲ್ಲೂ ನಮ್ಮ ನೆಂಟರಿದ್ದಾರೆ. ಅವರು ಸ್ಪ್ಯಾನಿಷ್ ಮ್ಯಾಕೆರೆಲ್ ಎಂದು ಕರೆಯುವುದು ನಮ್ಮ ಅಂಜಲನ್ನೇ.

ಇಳಿನೀರು ಯಾಕೆ ಮುಖ್ಯ ಎಂದು ತಿಳಿಯಲು ಈ ಮೀನಿನ ಬಾಳು ತಿಳಿದಿರಬೇಕು. ಬಾರಾ ಮೊಟ್ಟೆಯಿಡುವುದು ಉಪ್ಪುನೀರಿನಲ್ಲಿ, ಅಳಿವೆಯ ಬಳಿ, ಸುಮಾರು ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ. ಮರಿಗಳು ದೊಡ್ಡ ಉಬ್ಬರದ ಜೊತೆ ಕಾಂಡ್ಲಾಗಿಡಗಳ ಹಿಂದಿನ ಜೌಗಿಗೆ ಸೇರುತ್ತವೆ. ಮಳೆನೀರು ಏರಿ ಬಯಲೆಲ್ಲ ಒಂದೇ ಕೆರೆಯಾದಾಗ ಒಳನಾಡಿನ ಬಿಲಾಬಾಂಗ್‌ಗಳವರೆಗೂ ಹೋಗಿ, ಅಲ್ಲೇ ತಿಂದು ಬೆಳೆಯುತ್ತವೆ. ಬಿಲಾಬಾಂಗ್ ಎಂದರೆ ನದಿ ಬಿಟ್ಟುಹೋದ ಹಳೆಯ ಪಾತ್ರದಲ್ಲಿ ನಿಂತ ಮಡು. ಮೂರು-ನಾಲ್ಕು ವರ್ಷಕ್ಕೆ ಪ್ರಾಯಕ್ಕೆ ಬರುವಾಗ ಹೆಚ್ಚುಕಡಿಮೆ ಎಲ್ಲವೂ ಗಂಡು. ಮುಂದೆ ಕೆಲವು ವರ್ಷ ಕಳೆದು, ಉದ್ದ 80-90 ಸೆಂಟಿಮೀಟರ್ ದಾಟುವ ಹೊತ್ತಿಗೆ ಅದೇ ಮೀನು ಹೆಣ್ಣಾಗುತ್ತದೆ. ಹಾಗಾಗಿ ಫೋಟೋದಲ್ಲಿ ಎದೆಗವಚಿ ಹಿಡಿದ ಮೀಟರುದ್ದದ ಬಾರಾ ಬಹುಮಟ್ಟಿಗೆ ಲಕ್ಷಾಂತರ ಮೊಟ್ಟೆ ಹೊರುವ ತಾಯಿ. ಬಲ್ಲವರು ಅದನ್ನು ನೀರಿಗೇ ಬಿಡುತ್ತಾರೆ. ತಿನ್ನಲು ರುಚಿಯೂ ನಡುಗಾತ್ರದ್ದೇ, ಅದರಲ್ಲೂ ಉಪ್ಪುನೀರಿನ ಬೆಳ್ಳಿಮೈಯದು. ಮಡುವಿನ ಮೀನಿಗೆ ಕೆಸರಿನ ವಾಸನೆ ಹತ್ತಿರುವುದುಂಟು.

ಈಗ ಇಳಿನೀರಿನ ಜಾಗಕ್ಕೆ ಬನ್ನಿ. ಡೇಲಿ, ಮೇರಿ, ಅಡಿಲೇಡ್, ಸೌತ್ ಅಲಿಗೇಟರ್ ನದಿಗಳ ದಡದಲ್ಲಿ ಬಯಲಿನ ನೀರನ್ನು ಹೊರಹಾಕುವ ಸಣ್ಣ ತೋಡುಗಳು ಸಾಲುಸಾಲು ಇರುತ್ತವೆ. ಕೆಲವು ದೋಣಿ ನುಗ್ಗುವಷ್ಟು ಅಗಲ, ಕೆಲವು ಹಾರಿ ದಾಟುವಷ್ಟು. ತೋಡಿನ ನೀರು ಹುಲ್ಲಿನ ನಡುವೆ ಸೋಸಿ ಬಂದದ್ದರಿಂದ ಹಾಲಿಲ್ಲದ ಚಹಾದಂತೆ ತಿಳಿಯಾಗಿರುತ್ತದೆ. ನದಿಯದ್ದು ಹಾಲು ಹಾಕಿದ ಚಹಾ. ಎರಡೂ ಸೇರುವಲ್ಲಿ ಕತ್ತರಿಸಿಟ್ಟಂಥ ಒಂದು ಗೆರೆ ಮೂಡುತ್ತದೆ. ಬಯಲು ಬತ್ತುತ್ತಾ ಬಂದಂತೆ ಸಿಗಡಿ, ಸಣ್ಣಮೀನು ಎಲ್ಲ ತೋಡಿನ ಜೊತೆ ಜಾರಿ ಬರುತ್ತವೆ. ಬಾರಾ ಅವುಗಳ ಬೆನ್ನು ಹತ್ತಿ ಹೋಗುವುದಿಲ್ಲ. ಗೆರೆಯ ಕೆಸರು ಮಗ್ಗುಲಲ್ಲಿ ನಿಂತು, ಬಡಿಸಿದ ಎಲೆಯ ಮುಂದೆ ಕೂತವರ ಹಾಗೆ ಕಾಯುತ್ತದೆ.

ಅದರ ಉಣ್ಣುವ ಸದ್ದೇ ಗುರುತು. ಬಾಯಿಯನ್ನು ಗಕ್ಕನೆ ತೆರೆದು ನೀರಿನ ಸಮೇತ ಎರೆಯನ್ನು ಒಳಗೆಳೆದುಕೊಳ್ಳುವಾಗ ‘ಬೂಫ್’ ಎಂಬ ದಪ್ಪ ಸದ್ದು ಬರುತ್ತದೆ. ಸದ್ದು ಕೇಳಿದ ಕಡೆ ಮೀನಿನಾಕಾರದ ಪ್ಲಾಸ್ಟಿಕ್ ಲೂರನ್ನು ಗೆರೆಯಾಚೆಗೆ ಎಸೆದು, ಎರಡು ಸಲ ಜಗ್ಗಿ, ಸುಮ್ಮನೆ ಬಿಡಬೇಕು. ಹೊಸಬರು ಸೋಲುವುದು ಈ ಸುಮ್ಮನಿರುವ ಕ್ಷಣದಲ್ಲೇ. ಹೊಡೆತ ಬೀಳುವುದು ಸಾಮಾನ್ಯವಾಗಿ ಲೂರು ನಿಂತಾಗ. ಬಿದ್ದ ಮೇಲೆ ಮೀನು ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವುತ್ತದೆ, ಕಿವಿರಿನ ಮುಚ್ಚಳ ಪಟಪಟ ಬಡಿಯುತ್ತದೆ. ಆ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಹಾಗಾಗಿ ಹೆಣೆದ ತೆಳುದಾರದ ತುದಿಗೆ ಒಂದು ಮಾರಿನಷ್ಟು ದಪ್ಪ ನೈಲಾನ್ ಕಟ್ಟಿರುತ್ತಾರೆ. ಕಿವಿರಿಗೆ ಬೆರಳು ಹಾಕಿ ಎತ್ತಲು ಹೋದವರು ಒಂದೇ ಸಲಕ್ಕೆ ಪಾಠ ಕಲಿಯುತ್ತಾರೆ.

ಉಳಿದ ತಿಂಗಳುಗಳ ಕತೆ ಚಿಕ್ಕದು. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಒಣಹವೆ. ನೀರು ತಣ್ಣಗಾಗಿ ಬಾರಾ ಮಂಕಾಗುತ್ತದೆ. ಆಗ ಜನ ಕಡಲಿಗಿಳಿದು ಅಂಜಲ್, ಗೋಲ್ಡನ್ ಸ್ನ್ಯಾಪರ್ ಹಿಡಿಯುತ್ತಾರೆ, ಇಲ್ಲವೇ ಕೊರೊಬರಿಯಂಥ ಬಿಲಾಬಾಂಗ್‌ನಲ್ಲಿ ತಾವರೆ ಎಲೆಗಳಂಚಿಗೆ ನಿಧಾನವಾಗಿ ಲೂರು ಎಳೆಯುತ್ತಾರೆ. ಅಕ್ಟೋಬರ್-ನವೆಂಬರಿನ ಸೆಕೆಗೆ ಬಿಲ್ಡ್ ಅಪ್ ಎಂದು ಹೆಸರು. ಮೈ ಬೆವೆತು ಸಿಡಿಮಿಡಿಯಾಗುವ ಕಾಲ, ಆದರೆ ನೀರು ಬಿಸಿಯೇರಿದ್ದರಿಂದ ಬಾರಾ ಮತ್ತೆ ಚುರುಕು. ಡಿಸೆಂಬರಿನಿಂದ ಮಳೆ ಹಿಡಿದರೆ ಎಷ್ಟೋ ರಸ್ತೆ ಮುಳುಗುತ್ತವೆ. ಆ ಮಳೆಯನ್ನು ಗಾಳದವರು ಬೈಯುವುದಿಲ್ಲ. ಒಳ್ಳೆಯ ಮಳೆಗಾಲದಲ್ಲಿ ಬದುಕಿ ಉಳಿದ ಮರಿಗಳೇ ಎರಡು-ಮೂರು ವರ್ಷಕ್ಕೆ ಗಾಳಕ್ಕೆ ಬರುವ ಮೀನು.

ಕ್ಯಾಲೆಂಡರಿಗಿಂತಲೂ ಹೆಚ್ಚು ನೋಡಬೇಕಾದ್ದು ಉಬ್ಬರದ ಪಟ್ಟಿ. ಮಂಗಳೂರಿನಲ್ಲಿ ಉಬ್ಬರ-ಇಳಿತದ ಅಂತರ ಎರಡು ಮೀಟರ್ ಮುಟ್ಟುವುದೇ ಅಪರೂಪ. ಡಾರ್ವಿನ್ನಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಅದು ಎಂಟು ಮೀಟರ್ ತಲುಪಬಹುದು: ಎರಡು ಮಹಡಿಯ ಮನೆಯಷ್ಟು ನೀರು, ಆರು ತಾಸಿನೊಳಗೆ. ಅಷ್ಟು ನೀರು ಓಡಾಡಿದರೆ ತಳದ ಕೆಸರೆಲ್ಲ ಕದಡಿ ತಿಳಿನೀರಿನ ಗೆರೆ ಅಳಿಸಿಹೋಗುತ್ತದೆ. ಅದಕ್ಕೇ ಇಳಿನೀರಿನ ಕಾಲದಲ್ಲಿ ಅನೇಕರು ಅಷ್ಟಮಿಯ ಆಚೀಚಿನ ಸಣ್ಣ ಉಬ್ಬರದ ದಿನಗಳನ್ನು ಆರಿಸಿಕೊಳ್ಳುತ್ತಾರೆ. ದಿನದೊಳಗೆ ಇಳಿತದ ಕೊನೆಯ ಎರಡು ತಾಸು, ಏರತೊಡಗುವ ಮೊದಲ ತಾಸು ಒಳ್ಳೆಯದು. ನಮ್ಮೂರಿನ ಪಂಚಾಂಗ ಅಲ್ಲೂ ಕೆಲಸಕ್ಕೆ ಬರುತ್ತದೆ ಎಂದು ನಾನು ತಮಾಷೆಗೆ ಹೇಳುತ್ತಿಲ್ಲ.

ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಯಲ್ಲಿ ಹವ್ಯಾಸದ ಗಾಳಕ್ಕೆ ಪರವಾನಗಿ ಬೇಡ. ಆದರೆ 55 ಸೆಂಟಿಮೀಟರಿಗಿಂತ ಚಿಕ್ಕ ಬಾರಾ ಇಟ್ಟುಕೊಳ್ಳುವಂತಿಲ್ಲ, ಒಬ್ಬರ ಬಳಿ ಐದಕ್ಕಿಂತ ಹೆಚ್ಚು ಇರುವಂತಿಲ್ಲ. ಮೇರಿ ನದಿಯಂಥ ಕಡೆ ಇನ್ನೂ ಬಿಗಿ. ಪಕ್ಕದ ಕ್ವೀನ್ಸ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರವರಿ 1ರವರೆಗೆ ಬಾರಾ ಹಿಡಿಯುವುದೇ ನಿಷಿದ್ಧ. ನಮ್ಮ ಜೂನ್-ಜುಲೈನ ದೋಣಿ ನಿಷೇಧದ ಹಿಂದಿರುವಂತೆ ಅಲ್ಲೂ ಮೊಟ್ಟೆಯಿಡುವ ಕಾಲದ ಕಾಳಜಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಸರಕಾರದ ಪಟ್ಟಿ ನೋಡಿಕೊಳ್ಳಿ. ಜಾಗ ಯಾರದ್ದು ಎಂಬುದನ್ನೂ ಕೇಳಿಕೊಳ್ಳಿ. ಬ್ಲೂ ಮಡ್ ಬೇ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, 2008ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಮೂಲನಿವಾಸಿಗಳ ಭೂಮಿಗೆ ಸೇರಿದ ದಡದಲ್ಲಿ ಉಬ್ಬರ ಬಂದು ಹೋಗುವ ನೀರಿಗೂ ಅವರ ಅನುಮತಿ ಬೇಕು. ಟೆರಿಟರಿಯ ಕರಾವಳಿಯಲ್ಲಿ ಸುಮಾರು ಶೇಕಡಾ 80 ಅಂಥದ್ದೇ. ಕೆಲವು ಕಡೆ ಒಪ್ಪಂದವಾಗಿ ಮುಕ್ತ ಪ್ರವೇಶವಿದೆ, ಕೆಲವು ಕಡೆ ಪರ್ಮಿಟ್ ಬೇಕು.

ಲಾಟರಿಯ ಆಸೆಯವರಿಗೆ ಇನ್ನೊಂದು ಆಟವಿದೆ. 2015ರಿಂದ ‘ಮಿಲಿಯನ್ ಡಾಲರ್ ಫಿಶ್’ ಸ್ಪರ್ಧೆಗೆಂದು ಟ್ಯಾಗ್ ಚುಚ್ಚಿದ ಬಾರಾಗಳನ್ನು ನೀರಿಗೆ ಬಿಡುತ್ತಿದ್ದಾರೆ. ಹತ್ತು ಸಾವಿರ ಡಾಲರಿನ ಮೀನು ಆಗಾಗ ಸಿಗುತ್ತಿತ್ತು. ಹತ್ತು ಲಕ್ಷದ್ದು ಮೊದಲು ಸಿಕ್ಕಿದ್ದು 2024ರಲ್ಲಿ, ಕ್ಯಾಥರೀನ್ ನದಿಯಲ್ಲಿ, 19 ವರ್ಷದ ಹುಡುಗನಿಗೆ.

ಕೊನೆಗೆ ಮೊಸಳೆ. 1971ರಲ್ಲಿ ಬೇಟೆ ನಿಲ್ಲಿಸಿದಾಗ ಮೂರು ಸಾವಿರದಷ್ಟು ಉಳಿದಿದ್ದ ಉಪ್ಪುನೀರಿನ ಮೊಸಳೆಗಳು ಈಗ ಲಕ್ಷದ ಹತ್ತಿರ. ಮೇರಿ ನದಿಯ ಶೇಡಿ ಕ್ಯಾಂಪಿನಲ್ಲಿ, ಉಪ್ಪುನೀರು ತಡೆಯುವ ಕಟ್ಟದ ಬಳಿ, ಅವು ಸಾಲಾಗಿ ಮಲಗಿರುತ್ತವೆ. ಮೀನು ನಿಲ್ಲುವ ಜಾಗ ಅವಕ್ಕೂ ಗೊತ್ತು. ದಡದಿಂದ ಐದು ಮೀಟರ್ ದೂರವಿರಿ. ಒಂದೇ ಜಾಗದಲ್ಲಿ ದಿನಾ ನಿಲ್ಲಬೇಡಿ. ಮೀನನ್ನು ನೀರಂಚಿನಲ್ಲಿ ಹೆಚ್ಚಬೇಡಿ. ತೋಡಿಗೆ ಸಿಕ್ಕಿಕೊಂಡ ಲೂರು ಎಷ್ಟು ದುಬಾರಿಯದಾದರೂ ಇಳಿದು ಬಿಡಿಸಬೇಡಿ, ದಾರ ಕತ್ತರಿಸಿಬಿಡಿ. ದೋಣಿಯನ್ನು ರಾಂಪಿನಲ್ಲಿ ಇಳಿಸುವಾಗಲೇ ವಾಪಸಾಗುವ ಹೊತ್ತು ಗೊತ್ತು ಮಾಡಿಕೊಂಡಿರಿ: ಇಳಿತ ಪೂರ್ತಿಯಾದರೆ ಕಾಂಕ್ರೀಟು ಮುಗಿದ ಮೇಲೂ ಎಷ್ಟೋ ಮಾರು ಬರೀ ಕೆಸರು. ಕತ್ತಲಲ್ಲಿ ಆ ಕೆಸರಿಗಿಳಿದು ದೋಣಿ ನೂಕುವ ಬದಲು, ಸೊಳ್ಳೆ ಕಚ್ಚಿಸಿಕೊಂಡಾದರೂ ಮುಂದಿನ ಉಬ್ಬರದವರೆಗೆ ದೋಣಿಯಲ್ಲೇ ಕೂತಿರುವುದು ಒಳ್ಳೆಯದು.